ಮಾವನ ಮೂಗಿಗೆ ಬಂದ ಮೆಷಿನ್

ನಮ್ಮ ಮಾವ ಗೊರಕೆ ಹೊಡೆಯುತ್ತಾರೆಂಬುದು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರು ಮಾವ ಒಬ್ಬರೇ.

“ನಾನಾ? ಗೊರಕೆನಾ? ಅಷ್ಟು ಜೋರಾಗಿ ಹೊಡೆದಿದ್ರೆ ಮೊದಲು ನನಗೇ ಎಚ್ಚರ ಆಗ್ಬೇಕಿತ್ತಲ್ಲ!” ಅನ್ನುತ್ತಿದ್ದರು. ಈ ವಾದಕ್ಕೆ ಅತ್ತೆಯ ಹತ್ತಿರ ಮೂವತ್ತನಾಲ್ಕು ವರ್ಷದಿಂದ ಉತ್ತರ ಇರಲಿಲ್ಲ. ಉತ್ತರ ಹುಡುಕಿ ಹುಡುಕಿ ಸುಸ್ತಾಗಿ, ಒಂಬತ್ತು ವರ್ಷದ ಹಿಂದೆ ಒಂದು ದಿನ ತಲೆದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಒಳಕೋಣೆಗೆ ನಡೆದವರು ಮತ್ತೆ ಮುಂದಿನ ಕೋಣೆಯಲ್ಲಿ ಮಲಗಿರಲಿಲ್ಲ.

ಆ ಗೊರಕೆಗೂ ಒಂದು ಕ್ರಮ ಇತ್ತು. ಮೊದಲು ಸಣ್ಣಗೆ ಶುರುವಾಗಿ, ಏರು ಹತ್ತುವ ಲಾರಿಯ ಹಾಗೆ ಏರುತ್ತಾ ಏರುತ್ತಾ ಹೋಗಿ, ಇನ್ನೇನು ಗುಡ್ಡದ ನೆತ್ತಿ ಮುಟ್ಟಿತು ಅನ್ನುವಾಗ ಫಕ್ಕನೆ ನಿಂತುಬಿಡುತ್ತಿತ್ತು. ಪೂರ್ತಿ ನಿಶ್ಶಬ್ದ. ಆಮೇಲೆ ಕಬ್ಬಿಣದ ಕುರ್ಚಿ ಎಳೆದಂಥ ಒಂದು ಸದ್ದು, ಮತ್ತೆ ಲಾರಿ. ಮದುವೆಯಾದ ಹೊಸದರಲ್ಲಿ ಆ ನಿಶ್ಶಬ್ದ ಬಂದಾಗಲೆಲ್ಲ ನನ್ನವರು ಕತ್ತಲಲ್ಲಿ ಪಿಸುಗುಡುತ್ತಿದ್ದರು, “ಅಪ್ಪ ಗೇರ್ ಬದಲಾಯಿಸ್ತಿದ್ದಾರೆ.” ನಾವಿಬ್ಬರೂ ಬಾಯಿಗೆ ಹೊದಿಕೆ ತುರುಕಿಕೊಂಡು ನಗುತ್ತಿದ್ದೆವು. ರೋಗ ಇದ್ದದ್ದು ಗೊರಕೆಯಲ್ಲಲ್ಲ, ನಾವು ನಗುತ್ತಿದ್ದ ಆ ನಿಶ್ಶಬ್ದದಲ್ಲಿ ಎಂದು ಆಗ ಯಾರಿಗೆ ಗೊತ್ತಿತ್ತು.

ಮಾವ ಶಾಲೆಯ ವ್ಯಾನ್ ಓಡಿಸುವವರು. ಇಪ್ಪತ್ತೆರಡು ವರ್ಷ, ಒಂದೇ ಶಾಲೆ, ಒಂದೇ ದಾರಿ. ಹದಿನಾಲ್ಕು ಮಕ್ಕಳು, ಅಷ್ಟೂ ಮಕ್ಕಳಿಗೆ ಅವರು ‘ವ್ಯಾನ್ ತಾತ’. ಯಾವ ಮಗುವಿಗೆ ಕಿಟಕಿ ಪಕ್ಕ ಕೂತರೆ ವಾಂತಿ, ಯಾವ ಮಗುವಿಗೆ ಕೂರದಿದ್ದರೆ ವಾಂತಿ, ಎಲ್ಲ ಬಾಯಿಪಾಠ. ಸಂಜೆ ಕೊನೆಯ ಮಗುವನ್ನು ಇಳಿಸಿದ ಮೇಲೂ ಹಾಗೇ ಮನೆಗೆ ಬಂದವರಲ್ಲ. ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಒಂದೊಂದು ಸೀಟಿನ ಬೆನ್ನನ್ನೂ ಅಂಗೈಯಿಂದ ತಟ್ಟಿಕೊಂಡು ಕೊನೆವರೆಗೆ ಹೋಗಿ ಬರಬೇಕು. ಯಾವುದಾದರೂ ಮಗು ಸೀಟಿನ ಕೆಳಗೆ ಮುದುಡಿಕೊಂಡು ಮಲಗಿಬಿಟ್ಟಿದ್ದರೆ? ಅಂಥ ಮನುಷ್ಯ.

ಆ ಮನುಷ್ಯನೇ ಪರೀಕ್ಷೆಗಳು ಮುಗಿಯುವ ವಾರ ಸಿಗ್ನಲ್‌ನಲ್ಲಿ ನಿದ್ದೆ ಹೋದರು. ಕೆಂಪು ದೀಪಕ್ಕೆ ನಿಂತಿದ್ದಾರೆ, ಕಣ್ಣು ಮುಚ್ಚಿದೆ, ಬ್ರೇಕಿನ ಮೇಲಿದ್ದ ಕಾಲು ಸಡಿಲವಾಗಿದೆ. ವ್ಯಾನ್ ಆಮೆಯ ಹಾಗೆ ತೆವಳಿ ಮುಂದಿದ್ದ ಬ್ರೆಡ್ ಗಾಡಿಯ ಹಿಂಭಾಗಕ್ಕೆ ಮುತ್ತಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ವ್ಯಾನ್ ತಾತ ಆಟ ಆಡಿಸುತ್ತಿದ್ದಾರೆಂದು ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಆದರೆ ನಾಲ್ಕನೇ ಕ್ಲಾಸಿನ ಒಬ್ಬಳು ಮನೆಗೆ ಹೋಗಿ, “ತಾತ ಸೈಡಲ್ಲಿ ಜೊಲ್ಲು ಸುರಿಸ್ತಿದ್ರು” ಎಂದು ವಿವರವಾಗಿ ವರದಿ ಒಪ್ಪಿಸಿದಳು. ಮರುದಿನ ಶಾಲೆಯ ದೊಡ್ಡ ಮೇಡಂ ಮಾವನನ್ನು ಕರೆಸಿ ಕೀಲಿಕೈಯನ್ನು ಮೇಜಿನ ಮೇಲೆ ಇಡಿಸಿಕೊಂಡರು. ಗಾಡಿ ನಮ್ಮ ಮನೆ ಮುಂದೆಯೇ ನಿಂತಿರಲಿ, ಆದರೆ ರಜೆ ಮುಗಿಯುವುದರೊಳಗೆ ಡಾಕ್ಟರ ಕಾಗದ ತರದಿದ್ದರೆ ಬೇರೆ ಡ್ರೈವರ್ ಬರುತ್ತಾನೆ, ಎಂದರು. ನನ್ನ ಮಗಳು ಬಟಾಣಿ (ಹುಟ್ಟಿದಾಗ ಅಷ್ಟೇ ಇದ್ದಳು, ಹೆಸರು ಅಂಟಿಕೊಂಡಿತು) ಈ ವರ್ಷ ಅದೇ ಶಾಲೆಗೆ, ಅದೇ ವ್ಯಾನಿನಲ್ಲಿ, ಹದಿನೈದನೆಯವಳಾಗಿ ಹೋಗಬೇಕಿತ್ತು.

ಡಾಕ್ಟರು ಮೈಗೆಲ್ಲ ವೈರ್ ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಗಂಟೆಗೆ ಮೂವತ್ತೆಂಟು ಸಲ ಉಸಿರು ನಿಲ್ಲುತ್ತಿದೆ, ರಾತ್ರಿಯಿಡೀ ಮನುಷ್ಯ ನಿದ್ದೆಯನ್ನೇ ಮಾಡುತ್ತಿಲ್ಲ, ಅದಕ್ಕೇ ಹಗಲು ಕಣ್ಣು ಎಳೆಯುತ್ತದೆ ಎಂದರು. ಇದಕ್ಕೊಂದು ಮೆಷಿನ್ ಇದೆ. ಗಾಳಿಯನ್ನು ಒತ್ತಡದಲ್ಲಿ ಮೂಗಿಗೆ ಬಿಡುತ್ತದೆ, ಗಂಟಲು ಮುಚ್ಚಿಕೊಳ್ಳಲು ಬಿಡುವುದಿಲ್ಲ. ದಿನಕ್ಕೆ ಕಡಿಮೆ ಅಂದರೂ ನಾಲ್ಕು ಗಂಟೆ, ಮೂವತ್ತು ದಿನ, ನಡುವೆ ಒಂದೂ ತಪ್ಪಬಾರದು. ಒಳಗೊಂದು ಕಾರ್ಡ್ ಇದೆ, ಅದು ಎಲ್ಲ ಬರೆದುಕೊಳ್ಳುತ್ತದೆ. ಕಾರ್ಡ್ ಸರಿಯಿದ್ದರೆ ನಾನು ಸಹಿ ಹಾಕುತ್ತೇನೆ.

“ಎಲ್ಲಾ ಬರೆದುಕೊಳ್ಳುತ್ತಾ?” ಮಾವ ಕೇಳಿದರು.

“ಎಲ್ಲಾ.”

ಮಾವ ನನ್ನ ಕಡೆ ತಿರುಗಿ, “ನಿನ್ನ ಡೈರಿ ಥರ,” ಎಂದರು. ಅದು ಹೊಗಳಿಕೆಯಾಗಿರಲಿಲ್ಲ.

ಮೆಷಿನ್ ಮನೆಗೆ ಬಂದಾಗ ಶಾಲೆ ತೆರೆಯಲು ನಲವತ್ತಾರು ದಿನ ಇತ್ತು. ನೋಡಲು ಒಂದು ದೊಡ್ಡ ಬ್ರೆಡ್ಡಿನಷ್ಟು. ಪಕ್ಕದಲ್ಲಿ ನೀರು ತುಂಬುವ ಪುಟ್ಟ ತೊಟ್ಟಿ, ಅದರಿಂದ ಹೊರಟ ಸುಕ್ಕುಸುಕ್ಕಾದ ಉದ್ದನೆ ಕೊಳವೆ, ಕೊಳವೆಯ ತುದಿಗೆ ಮೂಗು ಮುಚ್ಚುವ ಮಾಸ್ಕ್, ಮಾಸ್ಕಿಗೆ ತಲೆಯ ಹಿಂದೆ ಬಿಗಿಯುವ ಪಟ್ಟಿಗಳು. ಮೂಗಿಗಿಂತ ಮೂಗುತಿ ಭಾರ ಎಂದು ಅತ್ತೆ ಅಲ್ಲೇ ತೀರ್ಪು ಕೊಟ್ಟರು. ಹಾಕಿಕೊಂಡ ಮಾವನನ್ನು ನೋಡಿ ಬಟಾಣಿ ಮಂಚದ ಕೆಳಗೆ ಹೋಗಿ ಸೇರಿಕೊಂಡಳು.

ಮೊದಲ ರಾತ್ರಿಯೇ ಜಗಳ ಮೀಸೆಯದು. ಮಾವನ ಮೀಸೆ ಶೇವಿಂಗ್ ಬ್ರಷ್ ಇದ್ದ ಹಾಗೆ. ಮಾಸ್ಕ್ ಅದರ ಮೇಲೆ ಸರಿಯಾಗಿ ಕೂರದೆ ಸಂದಿಯಿಂದ ಗಾಳಿ ಸೋರಿ, ಸೀಟಿ ಹೊಡೆಯುತ್ತಿತ್ತು. ಮೂರು ಸೀಟಿ ಆಗುವಷ್ಟರಲ್ಲಿ ಅತ್ತೆ ಅರೆನಿದ್ದೆಯಲ್ಲಿ ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಲು ನೋಡಿದರು.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಮೂಗಿನಿಂದ ಒಳಗೆ ನುಗ್ಗುವ ಗಾಳಿ, ಬಾಯಿ ತೆರೆದ ತಕ್ಷಣ ಅಲ್ಲಿಂದ ಬುಸ್ಸೆಂದು ಹೊರಬರುತ್ತದೆ. ಅಂದರೆ ಮಾಸ್ಕ್ ಹಾಕಿಕೊಂಡಾಗ ಮಾತಾಡಲಾಗುವುದಿಲ್ಲ. ಅತ್ತೆಗೆ ಇದು ಗೊತ್ತಾಗಲು ಎರಡೇ ದಿನ ಸಾಕಾಯಿತು. ಮೂರನೆಯ ರಾತ್ರಿ ಮಾವ ಪಟ್ಟಿ ಬಿಗಿದುಕೊಂಡು ಮಲಗಿದ ಕೂಡಲೇ ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಈಗ ಹೇಳ್ತೀನಿ ಕೇಳಿ. ನಿಮ್ಮ ತಂಗಿ ಮದುವೆ ದಿನ ನಮ್ಮಣ್ಣನಿಗೆ ಕೂತ್ಕೊಳ್ಳೋಕೆ ಕುರ್ಚಿ ಕೊಡಲಿಲ್ಲ. ನೆನಪಿದೆಯಾ?”

“ಬುಸ್—”

“ನೆನಪಿಲ್ಲ ಅನ್ಬೇಡಿ.”

“ಬುಸ್ಸ್—”

“ಮೂವತ್ತನಾಲ್ಕು ವರ್ಷಕ್ಕೆ ಇವತ್ತು ಮೊದಲ ಸಲ ನನ್ನ ಒಂದು ಮಾತು ಪೂರ್ತಿ ಆಗ್ತಿದೆ. ಸುಮ್ನೆ ಮಲಗಿ.”

ಮಾವ ಮಾಸ್ಕ್ ಕಿತ್ತೆಸೆದು, “ಕುರ್ಚಿ ಕೊಟ್ಟಿದ್ದೆ! ಅವನೇ ಅದರ ಮೇಲೆ ಛತ್ರಿ ಇಟ್ಟು ನಿಂತಿದ್ದ!” ಎಂದು ಗುಡುಗಿದರು. ಆ ರಾತ್ರಿಯ ಲೆಕ್ಕ ಹದಿನೇಳು ನಿಮಿಷಕ್ಕೆ ನಿಂತಿತು.

ನಾಲ್ಕನೆಯ ದಿನದಿಂದ ಮಾವ ಒಮ್ಮೆಲೇ ಸಾಧು ಆದರು. ಎಂಟೂವರೆಗೇ ಮೆಷಿನ್ ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಅದರ ಪುಟ್ಟ ಪರದೆಯಲ್ಲಿ ಏಳು ಗಂಟೆ, ಏಳೂವರೆ ಗಂಟೆ ಎಂದು ತೋರಿಸಿ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಸಿಕೊಳ್ಳುತ್ತಿದ್ದರು. “ಆದ್ರೂ ಗೊರಕೆ ಕೇಳಿಸ್ತಿತ್ತಲ್ಲ ಅಪ್ಪಾ?” ಎಂದು ನನ್ನವರು ಕೇಳಿದ್ದಕ್ಕೆ, “ಹೊಸ ಎಂಜಿನ್ ಕಣಪ್ಪ, ಮೊದಲ ಸ್ವಲ್ಪ ದಿನ ಹಾಗೇ ಸದ್ದು ಮಾಡುತ್ತೆ. ಆಮೇಲೆ ಹೊಂದ್ಕೊಳ್ಳುತ್ತೆ,” ಎಂದರು. ಎಂಜಿನ್ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ನಾವೆಲ್ಲ ತಲೆಯಾಡಿಸಿದೆವು. ಇಷ್ಟು ದಡ್ಡರು ಒಂದೇ ಸೂರಿನ ಕೆಳಗೆ ಸಿಗುವುದು ಕಷ್ಟ.

ಹತ್ತನೆಯ ಬೆಳಿಗ್ಗೆ ಬಟಾಣಿ ತನ್ನ ಬಟ್ಟೆಯ ಆನೆ ಕಾಣುತ್ತಿಲ್ಲ, ಒಂದು ವಾರದಿಂದ ರಾತ್ರಿಯಾದರೆ ಆನೆ ಎಲ್ಲೋ ಹೋಗುತ್ತದೆ ಎಂದು ರಗಳೆ ತೆಗೆದಳು. ಹುಡುಕುತ್ತಾ ಮುಂದಿನ ಕೋಣೆಯ ಬಾಗಿಲು ಮೆಲ್ಲಗೆ ತಳ್ಳಿದೆ. ಮಾವ ಗೋಡೆಯ ಕಡೆ ಮುಖ ಮಾಡಿ ಲಾರಿ ಓಡಿಸುತ್ತಿದ್ದಾರೆ. ಅವರ ಪಕ್ಕ, ಇನ್ನೊಂದು ದಿಂಬಿನ ಮೇಲೆ, ಎದೆಯವರೆಗೆ ಹೊದಿಕೆ ಹೊದ್ದು ಆನೆ ಮಲಗಿದೆ. ಸೊಂಡಿಲು ಮಾಸ್ಕಿನೊಳಗೆ. ಪಟ್ಟಿಗಳು ಎರಡು ಕಿವಿಗಳ ಹಿಂದೆ ಬಲು ಅಚ್ಚುಕಟ್ಟಾಗಿ ಬಿಗಿದಿವೆ. ಮೆಷಿನ್ ಗುಂಯ್‌ಗುಡುತ್ತಾ ಆನೆಗೆ ಗಾಳಿ ಕೊಡುತ್ತಿದೆ.

ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕಣ್ಣಲ್ಲಿ ನೀರು. ಅಷ್ಟರಲ್ಲಿ ಲಾರಿ ನಿಂತಿತು. ನಗುತ್ತಲೇ ಎಣಿಸತೊಡಗಿದೆ, ಒಂದು, ಎರಡು, ಮೂರು. ಹತ್ತಕ್ಕೆ ನಗು ಕಡಿಮೆಯಾಯಿತು. ಹದಿನೈದಕ್ಕೆ ನಿಂತಿತು. ಇಪ್ಪತ್ತಕ್ಕೆ ಮಾವನ ಎದೆಯನ್ನೇ ನೋಡುತ್ತಿದ್ದೆ, ಅದು ಮೇಲೇಳಲು ಒದ್ದಾಡುತ್ತಿತ್ತು. ಇಪ್ಪತ್ತಾರಕ್ಕೆ ಆ ಕುರ್ಚಿ ಎಳೆದ ಸದ್ದು. ಇಪ್ಪತ್ತಾರು ಎಣಿಸುವಷ್ಟು ಹೊತ್ತು ಉಸಿರಿಲ್ಲದೆ ಇದ್ದು, ಎದ್ದು, ಕಾಫಿ ಕುಡಿದು, ಈ ಮನುಷ್ಯ ಹದಿನೈದು ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಕು.

ಎಬ್ಬಿಸಿದೆ. ಕಣ್ಣು ಬಿಟ್ಟವರು ನನ್ನನ್ನು ನೋಡಿದರು, ಆನೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಮಗೂ, ಉಸಿರೆತ್ತಬೇಡ.”

“ಮಾವ, ಇದೇನಿದು?”

“ನೋಡು, ಬಾಡಿಗೆ ಕಾರಿನ ಮೀಟರ್ ನೋಡಿದ್ದೀಯಲ್ಲ. ಗಾಡಿ ನಿಂತಿರಲಿ, ಎಂಜಿನ್ ಆನ್ ಇದ್ರೆ ಮೀಟರ್ ಓಡುತ್ತೆ. ಹಿಂದೆ ಯಾರು ಕೂತಿದ್ದಾರೆ ಅಂತ ಮೀಟರ್ ಕೇಳುತ್ತಾ? ಅವರಿಗೆ ಬೇಕಾಗಿರೋದು ಗಂಟೆ. ಗಂಟೆ ಓಡ್ತಿದೆ.”

ಡ್ರೈವರ್ ಆದವರ ತಲೆಗೆ ಮಾತ್ರ ಹೊಳೆಯಬಹುದಾದ ಉಪಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಮೂಗಿಗೂ ನೋವಾಗಬಾರದು. “ಅದನ್ನ ಹಾಕ್ಕೊಂಡ್ರೆ ಯಾರೋ ತಲೆ ಹಿಡಿದು ನೀರಲ್ಲಿ ಅದುಮಿದ ಹಾಗಾಗುತ್ತೆ ಮಗೂ,” ಎಂದು ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದರು. ಈ ಮಾತು ನಿಜ ಎಂದು ಅವರ ಮುಖವೇ ಹೇಳುತ್ತಿತ್ತು.

“ಇನ್ನೆರಡು ದಿನಕ್ಕೆ ಕ್ಲಿನಿಕ್‌ಗೆ ಹೋಗ್ಬೇಕು,” ಎಂದೆ. “ಅಲ್ಲಿ ನೀವು ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ. ಅಲ್ಲಿವರೆಗೆ ಅತ್ತೆಗೆ ಗೊತ್ತಾಗೋದು ಬೇಡ.” ಕೊನೆಯ ಮಾತಿಗೆ ಮಾವ ಕೈ ಮುಗಿದರು, ಆದರೆ ಆ ಎರಡು ರಾತ್ರಿಯೂ ಮಾಸ್ಕ್ ಆನೆಯ ಸೊಂಡಿಲಿಗೇ ಹೋಯಿತು.

ಕ್ಲಿನಿಕ್‌ನಲ್ಲಿ ಈ ಮೆಷಿನ್‌ಗಳನ್ನು ನೋಡಿಕೊಳ್ಳುವವಳು ನನ್ನ ವಯಸ್ಸಿನ ಹುಡುಗಿ, ಎಲ್ಲರೂ ಅವಳನ್ನು ಮೆಷಿನ್ ಮೇಡಂ ಎನ್ನುತ್ತಿದ್ದರು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು.

“ಗಂಟೆಗೇನೂ ಕೊರತೆ ಇಲ್ಲ ಸರ್. ದಿನಕ್ಕೆ ಏಳು, ಏಳೂವರೆ. ಇಷ್ಟು ಶ್ರದ್ಧೆಯಿಂದ ಹಾಕ್ಕೊಂಡೋರನ್ನ ನಾನು ನೋಡಿಲ್ಲ.”

ಮಾವನ ಕೈ ತಾನಾಗಿ ಮೀಸೆಗೆ ಹೋಯಿತು. ಹೇಳಬೇಕೆಂದುಕೊಂಡಿದ್ದನ್ನು ಅಲ್ಲಿಗೇ ಬಿಟ್ಟು ಕುರ್ಚಿಗೆ ಒರಗಿ ಕೂತರು.

“ಒಂದೇ ಒಂದು ತೊಂದರೆ. ಮೊದಲ ಮೂರು ದಿನ ಬಿಟ್ರೆ, ಆಮೇಲಿನ ಒಂಬತ್ತು ದಿನ ನೀವು ಉಸಿರೇ ಆಡಿಲ್ಲ.”

“ಅಂದ್ರೆ?”

“ಅಂದ್ರೆ, ಇದರ ಪ್ರಕಾರ ನೀವು ತೀರ್ಕೊಂಡು ಒಂಬತ್ತು ದಿನ ಆಯ್ತು.” ಅವಳು ನನ್ನ ಕಡೆ ತಿರುಗಿದಳು. “ಮನೇಲಿ ಯಾರೂ ಗಮನಿಸಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಮಾವ ನೆಲ ನೋಡುತ್ತಾ, “ಆನೆಗೆ ಹಾಕಿದ್ದೆ,” ಎಂದರು.

“ಆನೆಗಾ?”

“ಬಟ್ಟೆ ಆನೆ. ಮೊಮ್ಮಗಳದು.”

ಮೆಷಿನ್ ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಒಂದು ನಿಮಿಷ,” ಎಂದು ಪರದೆಯ ಹಿಂದೆ ಹೋದಳು. ಪರದೆ ಬಹಳ ಹೊತ್ತು ಅಲ್ಲಾಡಿತು. ಕಣ್ಣೊರೆಸಿಕೊಂಡು ಬಂದು ಕೂತು, “ಆನೆಗೆ ಸರಿಯಾಗಿ ಹೊಂದಿಕೊಳ್ತಾ?” ಎಂದಳು.

“ನನಗಿಂತ ಚೆನ್ನಾಗಿ ಹೊಂದ್ಕೊಂಡಿದೆ. ಅದಕ್ಕೆ ಮೀಸೆ ಇಲ್ಲವಲ್ಲ.”

“ಆದ್ರೆ ಆನೆ ವ್ಯಾನ್ ಓಡಿಸಲ್ವಲ್ಲ ಸರ್.”

ಲೆಕ್ಕ ಮತ್ತೆ ಸೊನ್ನೆಯಿಂದ. ಶಾಲೆಗೆ ಉಳಿದದ್ದು ಮೂವತ್ತನಾಲ್ಕು ದಿನ, ಬೇಕಾದದ್ದು ಮೂವತ್ತು ರಾತ್ರಿ, ಕಾಗದ ಒಯ್ದು ಕೊಡಲು ಒಂದು ದಿನ. ಕಲಿಯಲು ಮೂರೇ ದಿನ ಕೈಯಲ್ಲಿತ್ತು.

ಹುಡುಗಿ ಒಳ್ಳೆಯವಳು. ಮೀಸೆಯ ತಂಟೆಗೆ ಹೋಗದೆ ಮೂಗಿನ ಹೊಳ್ಳೆಗಳ ಕೆಳಗಷ್ಟೇ ಕೂರುವ ಸಣ್ಣ ಮಾಸ್ಕ್ ಕೊಟ್ಟಳು. ಗಾಳಿ ಮೊದಲು ಮೆತ್ತಗೆ ಬಂದು ನಿಧಾನವಾಗಿ ಏರುವ ಹಾಗೆ ಮೆಷಿನ್ ತಿರುಗಿಸಿಕೊಟ್ಟಳು. “ಹಾಕ್ಕೊಂಡ ತಕ್ಷಣ ನಿದ್ದೆ ಮಾಡೋಕೆ ಹೋಗ್ಬೇಡಿ. ಹಗಲು ಹೊತ್ತು, ಎಚ್ಚರ ಇರುವಾಗ, ನಿಮಗೆ ಇಷ್ಟವಾದ ಕಡೆ ಕೂತ್ಕೊಂಡು ಅರ್ಧ ಗಂಟೆ, ಒಂದು ಗಂಟೆ ಹಾಕ್ಕೊಳ್ಳಿ. ಮೂಗಿಗೆ ಪರಿಚಯ ಆಗ್ಲಿ,” ಎಂದಳು.

ಮಾವನಿಗೆ ಈ ಭೂಮಿಯ ಮೇಲೆ ಇಷ್ಟವಾದ ಜಾಗ ಒಂದೇ.

ಮರುದಿನ ಬೆಳಿಗ್ಗೆ ನನ್ನವರು ಕಿಟಕಿಯಿಂದ ವೈರ್ ಎಳೆದು ನಿಂತ ವ್ಯಾನಿಗೆ ಕರೆಂಟ್ ಕೊಟ್ಟರು. ಮಾವ ಬೀಗ ಕೆಟ್ಟ ಮುಂದಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ಮೆಷಿನ್ ಕೂರಿಸಿ ಅದಕ್ಕೂ ಬೆಲ್ಟ್ ಹಾಕಿ, ಕೊಳವೆ ಮೂಗಿಗೆ ಸಿಕ್ಕಿಸಿ, ಎರಡು ಕೈ ಸ್ಟಿಯರಿಂಗ್ ಮೇಲಿಟ್ಟು ಬೀದಿ ನೋಡುತ್ತಾ ಕೂತರು. ಬೀದಿಯೂ ಅವರನ್ನು ನೋಡುತ್ತಾ ನಿಂತಿತು.

ಎದುರು ಅಂಗಡಿಯ ಟೈಲರ್ ಸೂಜಿ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ. “ಏನ್ ಯಜಮಾನ್ರೇ, ಚಂದ್ರಲೋಕಕ್ಕೆ ಹೊರಟ್ರಾ? ಮಧ್ಯೆ ಎಲ್ಲಾದ್ರೂ ಸ್ಟಾಪ್ ಇದೆಯಾ?”

ಮಾವ ಉತ್ತರಿಸಲು ಬಾಯಿ ತೆರೆದರು, ಬುಸ್ಸೆಂದಿತು. ಮುಚ್ಚಿಕೊಂಡರು. ಆಮೇಲೆ ಕೈ ಹಾರ್ನ್ ಮೇಲೆ ಹೋಯಿತು, ಅದಕ್ಕೆ ಕೀಲಿಕೈ ಬೇಕಿರಲಿಲ್ಲ. ಪೀಂ ಪೀಂ! ಟೈಲರ್ ನುಂಗಿಬಿಟ್ಟೆ ಎಂದುಕೊಂಡು ಸೂಜಿ ಹುಡುಕಿದ.

ಅವತ್ತಿನಿಂದ ಮಾವನಿಗೆ ಭಾಷೆ ಸಿಕ್ಕಿತು. ಹೌದು ಅಂದರೆ ಒಂದು ಹಾರ್ನ್, ಇಲ್ಲ ಅಂದರೆ ಎರಡು. ಅತ್ತೆ ಕಾಂಪೌಂಡಿನ ಮೇಲೆ ಕೈಯೂರಿ ವಿಚಾರಣೆ ನಡೆಸುತ್ತಿದ್ದರು.

“ಊಟಕ್ಕೆ ಬರ್ತೀರಾ?” ಪೀಂ.

“ನಮ್ಮಣ್ಣನಿಗೆ ಕುರ್ಚಿ ಕೊಡದೆ ಇದ್ದಿದ್ದು ತಪ್ಪು ತಾನೆ?” ಪೀಂ ಪೀಂ!

“ನಾಳೆ ಅವನು ಇಲ್ಲಿಗೆ ಬಂದ್ರೆ ನೀವೇ ಎದ್ದು ಕೂರಿಸ್ತೀರಾ?” ಪೀಂ ಪೀಂ ಪೀಂ ಪೀಂ! ಇದರ ಅರ್ಥ ನಾವು ನಿಗದಿ ಮಾಡಿರಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಕಾಂಪೌಂಡಿಗೆ ಬಂದು, “ಮಜ್ಜಿಗೆ ಬೇಕಾ?” ಎಂದರು. ಹಾರ್ನ್ ಇಲ್ಲ. “ಏನ್ರೀ, ಮಜ್ಜಿಗೆ!” ಇಲ್ಲ. ಅತ್ತೆ ಹತ್ತಿರ ಹೋಗಿ ಗಾಜಿಗೆ ಮುಖ ಒತ್ತಿ ನೋಡಿದರು. ಮಾವನ ತಲೆ ಸೀಟಿಗೆ ಒರಗಿದೆ. ಕಣ್ಣು ಮುಚ್ಚಿದೆ. ಬಾಯಿಯೂ ಮುಚ್ಚಿದೆ. ಸದ್ದೇ ಇಲ್ಲ.

ಮೂವತ್ತನಾಲ್ಕು ವರ್ಷ ಆ ಮನುಷ್ಯನ ನಿದ್ದೆಯನ್ನು ಕಿವಿಯಿಂದಲೇ ಬಲ್ಲ ಹೆಂಗಸು. ಸದ್ದಿಲ್ಲದೆ ಮಲಗಿದ ಗಂಡನನ್ನು ಅತ್ತೆ ಕಂಡೇ ಇರಲಿಲ್ಲ. ಲೋಟ ನೆಲಕ್ಕೆ ಬಿತ್ತು. “ಅಯ್ಯೋ! ಯಾರಾದ್ರೂ ಬನ್ರೋ!” ಎಂದು ಎರಡೂ ಕೈಯಲ್ಲಿ ಗಾಜು ಗುದ್ದಿದರು. ನಾನು ಓಡಿ ಬಂದೆ, ಟೈಲರ್ ಅಳತೆ ಟೇಪಿನ ಸಮೇತ ಓಡಿ ಬಂದ. ಮಾವ ಬೆಚ್ಚಿ ಕಣ್ಣು ಬಿಟ್ಟು, ಎಲ್ಲರನ್ನೂ ನೋಡಿ, ಸಿಟ್ಟಿನಿಂದ ಕೈಯೆತ್ತಿ ಹಾರ್ನ್ ಒತ್ತಿದರು. ಪೀಂ ಪೀಂ!

“ಬದುಕಿದ್ದಾರೆ,” ಎಂದ ಟೈಲರ್. “ಮಜ್ಜಿಗೆ ಬೇಡವಂತೆ.”

ಅತ್ತೆ ಅಲ್ಲೇ ವ್ಯಾನಿನ ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನಾನು ಸೆರಗೆತ್ತಿ ನೋಡಲಿಲ್ಲ. ಪರದೆಯಲ್ಲಿ ಎರಡು ಗಂಟೆ ನಲವತ್ತು ನಿಮಿಷ ಎಂದಿತ್ತು. ಯಾವ ಸೀಟಿನಲ್ಲಿ ನಿದ್ದೆ ಹೋಗಿದ್ದಕ್ಕೆ ಕೀಲಿಕೈ ಕಳೆದುಕೊಂಡರೋ ಅದೇ ಸೀಟಿನಲ್ಲಿ ಮಾವ ವರ್ಷಗಳ ಮೇಲೆ ಮೊದಲ ಸಲ ನಿಜವಾಗಿ ನಿದ್ದೆ ಮಾಡಿದ್ದರು. ಎದ್ದವರ ಮುಖ ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು.

ಅವತ್ತೇ ರಾತ್ರಿ ಲೆಕ್ಕ ಶುರು. ಬೆನ್ನಿಗೆ ಮೂರು ದಿಂಬು ಕೊಟ್ಟು, ಸೀಟಿನಲ್ಲಿ ಕೂತ ಹಾಗೇ ಒರಗಿಸಿದೆವು. ಒಂದು ವಾರಕ್ಕೆ ಒಂದು ದಿಂಬು ತೆಗೆದೆವು, ಇನ್ನೊಂದು ವಾರಕ್ಕೆ ಇನ್ನೊಂದು. ಅತ್ತೆ ಮೊದಲ ರಾತ್ರಿ “ಸುಮ್ನೆ ನೋಡಿ ಬರ್ತೀನಿ” ಎಂದು ಹೋದವರು ವಾಪಸ್ ಬರಲಿಲ್ಲ. ಎರಡನೆಯ ರಾತ್ರಿ ತಲೆದಿಂಬನ್ನೂ ಒಯ್ದರು. ಮಲಗಿದಲ್ಲಿ ಹಾರ್ನ್ ಇಲ್ಲವಾದ್ದರಿಂದ ಕೈ ಹಿಚುಕುವ ಏರ್ಪಾಡು ಆಯಿತಂತೆ. “ಊರ ಸುದ್ದಿಯೆಲ್ಲ ಹೇಳ್ತೀನಿ, ಮುಖ್ಯವಾದ ಜಾಗಕ್ಕೆ ಬರೋ ಹೊತ್ತಿಗೆ ಮಲಗಿರ್ತಾರೆ,” ಎಂದು ಅತ್ತೆ ಬೆಳಿಗ್ಗೆ ದೂರುತ್ತಿದ್ದರು. ದೂರುವಾಗ ಅವರ ಮುಖವೂ ಇಸ್ತ್ರಿ ಮಾಡಿದ ಹಾಗೇ ಇರುತ್ತಿತ್ತು. ಒಳಕೋಣೆಯಲ್ಲಿ ಇಷ್ಟು ದಿನ ಬಟಾಣಿಯ ಕಾಲಿನ ಒದೆತ ತಿಂದು ಮಲಗಿದವರು, ಪಾಪ.

ಇಪ್ಪತ್ತೈದು ರಾತ್ರಿ ಹೀಗೆ ಕಳೆದವು. ಇಪ್ಪತ್ತಾರನೆಯದಕ್ಕೆ ಮಾವನಿಗೆ ನೆಗಡಿ.

ಮೂಗೇ ಕಟ್ಟಿದರೆ ಮೂಗಿನ ಮಾಸ್ಕ್ ಏನು ಮಾಡೀತು? ಬಿಸಿನೀರಿನ ಹಬೆ ತೆಗೆದುಕೊಂಡು ಹಾಕಿಕೊಳ್ಳುವುದು, ಅರ್ಧ ಗಂಟೆಗೆ ಉಸಿರು ಕಟ್ಟಿ ಕಿತ್ತು ಹಾಕುವುದು, ಮತ್ತೆ ಹಬೆ. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಪರದೆಯಲ್ಲಿ ಮೂರು ಗಂಟೆ ಐವತ್ತೆರಡು ನಿಮಿಷ. ಎಂಟು ನಿಮಿಷ ಕಡಿಮೆ. ತಪ್ಪಿದರೆ ಮತ್ತೆ ಸೊನ್ನೆ, ಸೊನ್ನೆಯಾದರೆ ವ್ಯಾನಿಗೆ ಬೇರೆ ಡ್ರೈವರ್. ಕ್ಲಿನಿಕ್‌ಗೆ ಫೋನ್ ಮಾಡಿದೆ. ಮೆಷಿನ್‌ಗೆ ದಿನ ಮುಗಿಯುವುದು ಮಧ್ಯಾಹ್ನ ಹನ್ನೆರಡಕ್ಕೆ, ಅಷ್ಟರೊಳಗೆ ತುಂಬಿಸಿ ಎಂದಳು ಮೆಷಿನ್ ಮೇಡಂ.

ಮೂಗು ಅಷ್ಟು ಹೊತ್ತಿಗೆ ಬಿಟ್ಟಿತ್ತು. ನಿದ್ದೆಯೂ ಬಿಟ್ಟು ಹೋಗಿತ್ತು.

“ತಾತ, ನನ್ನ ಆನೆ ಎಂಟು ನಿಮಿಷ ಮಲಗ್ಲಿ. ಅದಕ್ಕೆ ಅಭ್ಯಾಸ ಇದೆ,” ಎಂದು ಬಟಾಣಿ ಆನೆಯನ್ನು ಮುಂದೆ ಹಿಡಿದಳು. ಅತ್ತೆಗೆ ಆನೆಯ ಕಥೆ ಗೊತ್ತಾದದ್ದೇ ಆಗ. ಆ ಮಾತುಕತೆಯನ್ನು ಸಂಜೆಗೆ ಮುಂದೂಡಲಾಯಿತು.

“ಮಾವ, ಸುಮ್ನೆ ಹಾಕ್ಕೊಂಡು ಪೇಪರ್ ಓದ್ತಾ ಕೂತ್ಕೊಳ್ಳಿ,” ಎಂದೆ ನಾನು. “ಉಸಿರಂತೂ ನಿಮ್ಮದೇ. ಎಚ್ಚರ ಇದ್ದೀರೋ ಮಲಗಿದ್ದೀರೋ ಅದಕ್ಕೆ ಗೊತ್ತಾಗಲ್ಲ.” ಕ್ಲಿನಿಕ್‌ನಲ್ಲಿ ಸತ್ಯ ಹೇಳಿ ಎಂದು ಕೂತಿದ್ದವಳೇ ನಾನು. ಎಂಟು ನಿಮಿಷ ಅಂದರೆ ಯಾರಿಗೆ ಆಸೆಯಾಗುವುದಿಲ್ಲ?

ಮಾವ ಪೇಪರ್ ಮಡಚಿ ಪಕ್ಕಕ್ಕಿಟ್ಟರು. “ಬೇಡ ಮಗೂ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀನಿ. ಇಂಥ ದಿನವೇ ತಾನೆ ಗಾಡೀಲಿ ಕಣ್ಣು ಮುಚ್ಚಿದ್ದು? ಮಲಗೇ ತೋರಿಸ್ತೀನಿ. ನೀವು ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ರೆ ಸಾಕು.”

ಬೀದಿಯ ಇತಿಹಾಸದಲ್ಲಿ ಅಂಥ ಬೆಳಿಗ್ಗೆ ಬಂದಿರಲಿಲ್ಲ. ನಾನು ಕುಕ್ಕರ್ ಇಳಿಸಿದೆ. ಬಾಗಿಲ ಬೆಲ್ಲಿನ ವೈರ್ ಕಿತ್ತೆ. ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಕೈಯಲ್ಲಿ ಗುಂಡಿ ಹೊಲಿಯಲು ಕೂತ. ಅತ್ತೆ ಬೀದಿಯ ನಡುವೆ ಟವೆಲ್ ಹಿಡಿದು ನಿಂತು, ಗಂಟೆ ಬಡಿಯುತ್ತಾ ಬಂದ ಹಳೇ ಪೇಪರಿನವನ ಗಂಟೆಯನ್ನೇ ಅದರಲ್ಲಿ ಸುತ್ತಿಬಿಟ್ಟರು. ಅವನು ಏನೆಂದು ಸನ್ನೆಯಲ್ಲೇ ಕೇಳಿದ, ಅತ್ತೆ ಸನ್ನೆಯಲ್ಲೇ ಎಲ್ಲ ವಿವರಿಸಿದರು, ಮೂಗು, ಕೊಳವೆ, ವ್ಯಾನ್, ಸ್ಟಿಯರಿಂಗ್. ಅವನು ತುದಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಹೋದ. ಬಟಾಣಿ ತನ್ನ ಬಾಯಿಯನ್ನು ತಾನೇ ಎರಡೂ ಕೈಯಿಂದ ಮುಚ್ಚಿಕೊಂಡು ಬಾಗಿಲ ಬಳಿ ಕೂತಿದ್ದಳು.

ಒಂಬತ್ತೂವರೆ. ಹತ್ತು. ಹೊರಳಾಟದ ಸದ್ದು. ಹತ್ತೂಕಾಲಿಗೆ ಸದ್ದು ನಿಂತಿತು. ಹತ್ತೂವರೆಗೆ ನಾನು ಇಣುಕಿದೆ. ಪರದೆಯಲ್ಲಿ ನಾಲ್ಕು ಗಂಟೆ ದಾಟಿತ್ತು. ಮಾವ ಎದ್ದದ್ದು ಊಟದ ಹೊತ್ತಿಗೆ, “ಯಾಕೆ ಇಷ್ಟು ನಿಶ್ಶಬ್ದ, ಏನಾಯ್ತು?” ಎನ್ನುತ್ತಾ.

ಉಳಿದ ನಾಲ್ಕು ರಾತ್ರಿ ತೊಂದರೆ ಕೊಡಲಿಲ್ಲ. ಗಂಟೆಗೆ ಮೂವತ್ತೆಂಟು ಇದ್ದದ್ದು ಎರಡಕ್ಕೆ ಇಳಿದಿದೆ ಎಂದು ಮೆಷಿನ್ ಮೇಡಂ ಬರೆದುಕೊಟ್ಟಳು, ಡಾಕ್ಟರು ಸಹಿ ಹಾಕಿದರು. ಮಾವ ಕಾಗದ ಹಿಡಿದು ಶಾಲೆಗೆ ಹೋದರೆ ದೊಡ್ಡ ಮೇಡಂ ಅದನ್ನು ಓದಿ, ಇನ್ನೊಂದು ಕಾಗದ ಕೊಟ್ಟರು. ಅದರಲ್ಲಿ ಹದಿನೈದು ಗೆರೆ. ಪ್ರತಿ ಮಗುವಿನ ಮನೆಯಿಂದ ಒಂದು ಸಹಿ. ಒಂದು ತಪ್ಪಿದರೂ ಇಲ್ಲ.

ಮಾವ ಅವತ್ತೇ ಮೆಷಿನ್ನನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೊರಟರು. ಪ್ರತಿ ಮನೆಯಲ್ಲೂ ಸೋಫಾದ ಮೇಲೆ ಕೂತು, ಮಾಸ್ಕ್ ಹಾಕಿ ತೋರಿಸಿ, ತಮ್ಮ ಬಾಯಿಂದಲೇ ಸಿಗ್ನಲ್ಲಿನ ಕಥೆ ಹೇಳಿದರಂತೆ. ಜೊಲ್ಲಿನ ವರದಿ ಕೊಟ್ಟವಳ ಮನೆಯಲ್ಲಿ ಮಾತ್ರ ಒಂದು ಗಂಟೆ ಆಯಿತು. ಅವಳ ತಾಯಿ ಕಾರ್ಡಿನ ವರದಿಯನ್ನು ಸಾಲುಸಾಲಾಗಿ ಓದಿ ಸಹಿ ಹಾಕಿದರೆ, ಅವಳ ತಂದೆ ಬೀಳ್ಕೊಡುವ ನೆಪದಲ್ಲಿ ಗೇಟಿನವರೆಗೆ ಬಂದು ಕ್ಲಿನಿಕ್ಕಿನ ವಿಳಾಸ ಕೇಳಿಕೊಂಡರಂತೆ.

ಸಂಜೆ ಬಂದವರು ಕಾಗದವನ್ನು ಅಡುಗೆಮನೆಯ ಕಟ್ಟೆಯ ಮೇಲೆ, ನಾನು ತರಕಾರಿ ಹೆಚ್ಚುತ್ತಿದ್ದ ಹಲಗೆಯ ಪಕ್ಕ ಇಟ್ಟರು. ಹದಿನಾಲ್ಕು ಸಹಿ. ಕೊನೆಯ ಗೆರೆ ಖಾಲಿ.

“ಮೊದಲೇ ನನ್ನ ಹತ್ರ ಬರಬಹುದಿತ್ತಲ್ಲ ಮಾವ.”

“ಅವರೆಲ್ಲ ಕಾಗದ ನೋಡಿ ಹಾಕಿದ್ದಾರೆ. ನಾನು ಮಲಗಿದ್ದನ್ನ ನೀನು ಕಣ್ಣಾರೆ ನೋಡಿದವಳು. ಅದಕ್ಕೇ ಕೊನೆಗೆ ಇಟ್ಟೆ.” ಪೆನ್ನನ್ನು ಕಾಗದದ ಮೇಲಿಟ್ಟು, “ಸೊಸೆ ಅಂತ ಹಾಕ್ಬೇಡ. ಬಟಾಣಿ ತಾಯಿ ಅಂತ ಯೋಚ್ನೆ ಮಾಡಿ ಹಾಕು,” ಎಂದರು.

ಕೈ ಒರೆಸಿಕೊಂಡು ಕಾಗದ ಎತ್ತಿಕೊಂಡೆ. ಮೇಲಿನಿಂದ ಕೆಳಗೆ ಪೂರ್ತಿ ಓದಿದೆ. ಮಾವ ಉಗುರು ಕಚ್ಚುತ್ತಾ ನಿಂತಿದ್ದರು, ಐವತ್ತೊಂಬತ್ತು ವರ್ಷದ ಮನುಷ್ಯ.

“ನೆಗಡಿಯಾಗಿ ನಿದ್ದೆ ಆಗದ ದಿನ?” ಎಂದೆ.

“ಕೀಲಿಕೈ ನಿನ್ನ ಕೈಗೆ. ದೊಡ್ಡ ಮೇಡಂಗೂ ಹೇಳಿ ಬಂದಿದ್ದೀನಿ, ಅವತ್ತು ಬೇರೆ ಡ್ರೈವರ್.”

ಸಹಿ ಹಾಕಿದೆ. ಮಾವ ಮಸಿ ಆರಲೆಂದು ಕಾಗದಕ್ಕೆ ಊದಿ, ಜೋಪಾನವಾಗಿ ಮಡಚಿ ಜೇಬಿಗೆ ಹಾಕಿಕೊಂಡ ಮರುಕ್ಷಣವೇ ಬೇರೆ ಮನುಷ್ಯರಾದರು. “ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಗಾಡಿ ಹೊರಡುತ್ತೆ. ಮೊಮ್ಮಗಳು ಅಂತ ಯಾರಿಗೂ ಒಂದು ನಿಮಿಷ ಕಾಯೋ ಪದ್ಧತಿ ನಮ್ಮಲ್ಲಿಲ್ಲ.”

ಬರಿಯ ಮಾತು ಅಂದುಕೊಂಡೆ. ಮಾವ ರಾತ್ರಿಯೇ ದೊಡ್ಡ ಮೇಡಂ ಮನೆಗೆ ಹೋಗಿ ಕಾಗದ ಕೊಟ್ಟು ಕೀಲಿಕೈ ತಂದಿದ್ದರು. ಬೆಳಿಗ್ಗೆ ಬಟಾಣಿಗೆ ಎಡಗಾಲಿನ ಷೂ ಹಾಕುತ್ತಿದ್ದೇನೆ, ಹೊರಗೆ ಒಂದು ಹಾರ್ನ್, ಆಮೇಲೆ ಎಂಜಿನ್ನಿನ ಸದ್ದು. ಗೇಟಿಗೆ ಬರುವಷ್ಟರಲ್ಲಿ ವ್ಯಾನ್ ಟೈಲರ್ ಅಂಗಡಿ ದಾಟಿತ್ತು. ಮಗಳನ್ನು ಒಂದು ಕಂಕುಳಲ್ಲಿ, ಷೂವನ್ನು ಇನ್ನೊಂದು ಕೈಯಲ್ಲಿ ಹಿಡಿದು, ನೈಟಿಯ ಮೇಲೆ ಟವೆಲ್ ಹೊದ್ದು, ಇಡೀ ಬೀದಿ ನೋಡುತ್ತಿರುವಂತೆ ಮುಂದಿನ ಸ್ಟಾಪಿನವರೆಗೆ ಓಡಿದೆ. ಅಲ್ಲಿ ವ್ಯಾನ್ ನಿಂತು ಇಬ್ಬರು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿತ್ತು. ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ, ಗಡಿಯಾರ ನೋಡಿ, ಬಾಗಿಲು ತೆಗೆದರು.

“ನಾಳೆಯಿಂದ ಮಗೂನ ಸ್ವಲ್ಪ ಬೇಗ ಎಬ್ಬಿಸಿ ಅಮ್ಮಾ,” ಎಂದರು, ಬೇರೆ ಯಾರದೋ ತಾಯಿಗೆ ಹೇಳುವ ಹಾಗೆ. “ರಾತ್ರಿ ಸರಿಯಾಗಿ ನಿದ್ದೆ ಮಾಡಲ್ವೇನೋ.”